ಭಾವಚಿತ್ರ ಕಲಾವಿದೆಯಾಗಲು ಹೊರಟ ಮಗಳು: ಕಾರಟಗಿಯ ತಂದೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯವನು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದಾಳೆ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದ್ದಾಳೆ. ಮೊಬೈಲಿನ ಫೋಟೊ ನೋಡಿ ಅವಳು ಬರೆದ ಮುಖವನ್ನು ಗುರುತಿಸದವರಿಲ್ಲ. ಆನ್‌ಲೈನ್ ಸ್ಪರ್ಧೆಗಳ ಪ್ರಮಾಣಪತ್ರಗಳು ಒಂದು ಫೈಲಿನ ತುಂಬ ಇವೆ; ಎಲ್ಲಕ್ಕೂ ಶುಲ್ಕ ಕಟ್ಟಿದ್ದೇನೆ. ಈಚೆಗೆ ಮುಂಬೈನ ವಾಸುದೇವ ಕಾಮತರ ಬಗ್ಗೆ ಓದಿದವಳು, ‘ನಾನೂ ಅವರಂತೆ ಭಾವಚಿತ್ರ ಬರೆಯುತ್ತೇನೆ, ಬಿ.ಕಾಂ. ಬೇಡ’ ಎಂದು ಹಟ ಹಿಡಿದಿದ್ದಾಳೆ. ನಮ್ಮಣ್ಣ, ‘ಫೋಟೊ ಇರೋ ಕಾಲದಾಗ ಮಾರಿ ಬರಸ್ಕೊಳ್ಳೋರು ಯಾರದಾರ? ಚಿತ್ರ ಬರದ್ರ ಹೊಟ್ಟಿ ತುಂಬತೈತೇನು?’ ಎನ್ನುತ್ತಾನೆ. ಪರಿಚಯದ ಡ್ರಾಯಿಂಗ್ ಮಾಸ್ತರರೊಬ್ಬರು, ಈ ಕಲೆ ಹುಟ್ಟಿನಿಂದಲೇ ಬರಬೇಕು, ನಿಮ್ಮ ಮಗಳಿಗೆ ಬಂದಿದೆ, ಅದಕ್ಕೆ ಕಾಲೇಜು ಬೇಕಾಗಿಲ್ಲ ಎಂದರು. ಒಂದು ದೊಡ್ಡ ಪ್ರಶಸ್ತಿ ಬಂದರೆ ದಾರಿ ತೆರೆದೀತೇ? ಊರು ಬಿಟ್ಟು ಕಳಿಸಲೇಬೇಕೇ? ಈಗಿನಿಂದಲೇ ಆರ್ಡರ್ ಹಿಡಿದು ಬರೆಯಲು ಬಿಡಬಹುದೇ? (ಹೆಸರು ಪ್ರಕಟಿಸುವುದು ಬೇಡವೆಂದು ಕೋರಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ: ಮಗಳ ಕೈಯಲ್ಲಿರುವುದು ಬದುಕು ಕಟ್ಟಿಕೊಳ್ಳಬಹುದಾದ ವಿದ್ಯೆಯೋ ಅಥವಾ ವಯಸ್ಸಿನ ಹುಮ್ಮಸ್ಸೋ ಎಂಬುದು ನಿಮಗೆ ತಿಳಿಯಬೇಕಾಗಿದೆ. ಬಳ್ಳಾರಿಯಲ್ಲಿ ಕುಳಿತು ಮಠ, ಕಾಲೇಜು, ಮನೆಗಳಿಗೆ ಭಾವಚಿತ್ರ ಬರೆದುಕೊಡುತ್ತಲೂ ಹುಡುಗರಿಗೆ ಕಲಿಸುತ್ತಲೂ ಬಂದವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಆಕೆಯ ಚಿತ್ರಗಳನ್ನು ನಾನು ನೋಡಿಲ್ಲವಾದ್ದರಿಂದ ಪ್ರತಿಭೆಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ಫೋಟೊ ನೋಡಿ ಬರೆದ ಮುಖಗಳನ್ನು ನೋಡಿದ್ದರೂ ಆ ತೀರ್ಪು ಕೊಡಲು ಆಗುತ್ತಿರಲಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಮಗಳು ಮಾದರಿಯಾಗಿ ಇಟ್ಟುಕೊಂಡಿರುವ ಕಲಾವಿದರ ಬದುಕಿನಿಂದಲೇ ಆರಂಭಿಸೋಣ. ವಾಸುದೇವ ಕಾಮತರು ಹುಟ್ಟಿದ್ದು 1956ರಲ್ಲಿ, ನಮ್ಮದೇ ಕಾರ್ಕಳದಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಅಲ್ಲಿನ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತು 1977ರಲ್ಲಿ ಹೊರಬಂದರು. ಅಮೆರಿಕದ ಪೋರ್ಟ್ರೇಟ್ ಸೊಸೈಟಿಯ ಡ್ರೇಪರ್ ಮಹಾಪ್ರಶಸ್ತಿ ಅವರಿಗೆ ಸಂದದ್ದು 2006ರಲ್ಲಿ, ಪದ್ಮಶ್ರೀ ಬಂದದ್ದು 2025ರಲ್ಲಿ. ಪತ್ರಿಕೆಗಳಲ್ಲಿ ಓದುವಾಗ ನಮ್ಮ ಕಣ್ಣು ಪ್ರಶಸ್ತಿಯ ಹೆಸರಿನ ಮೇಲೆ ನಿಲ್ಲುತ್ತದೆ. ನೀವು ಲೆಕ್ಕ ಬರೆಯುವವರು, ಆದ್ದರಿಂದ ಇಸವಿಗಳ ನಡುವಿನ ಅಂತರವನ್ನು ನೋಡಿ: ಕಲಾಶಾಲೆ ಬಿಟ್ಟು ಡ್ರೇಪರ್ ಪ್ರಶಸ್ತಿ ಬರುವ ಹೊತ್ತಿಗೆ 29 ವರ್ಷ ಕಳೆದಿದ್ದವು, ಅವರಿಗೆ ಐವತ್ತರ ವಯಸ್ಸಾಗಿತ್ತು. ಆ ಅವಧಿಯಲ್ಲಿ ಅವರು ಕೇವಲ ಭಾವಚಿತ್ರ ಬರೆದವರೂ ಅಲ್ಲ. ರಾಮಾಯಣದಂತಹ ವಸ್ತುಗಳ ಮೇಲೆ ಚಿತ್ರಮಾಲೆಗಳನ್ನು ಮಾಡಿದ್ದಾರೆ. ಅಯೋಧ್ಯೆಯ ಬಾಲರಾಮನ ವಿಗ್ರಹಕ್ಕೆ ಅವರ ರೇಖಾಚಿತ್ರ ಆಧಾರವಾಗಿತ್ತು ಎಂಬುದು 2024ರಲ್ಲಿ ಸುದ್ದಿಯಾಯಿತು. ಭಾವಚಿತ್ರವೊಂದನ್ನೇ ನೆಚ್ಚಿ ಬದುಕಿದ ಕಲಾವಿದರು ನಮ್ಮ ದೇಶದಲ್ಲಿ ಬಹಳ ಕಡಿಮೆ.

ಕಾಮತರಿಗೆ ಆ ಡ್ರೇಪರ್ ಪ್ರಶಸ್ತಿ ಬಂದದ್ದು ಯಾವ ಚಿತ್ರಕ್ಕೆ ಎಂಬುದನ್ನು ಮಗಳಿಗೆ ಹೇಳಿ. ಮಂತ್ರಿಯದಲ್ಲ, ಸಿನಿಮಾ ನಟನದಲ್ಲ; ಅವರ ಹೆಂಡತಿಯ ಚಿತ್ರ. ಇದು ಅವರೊಬ್ಬರ ಮಟ್ಟಿಗೆ ಆಗಿಬಂದ ಮಾತಲ್ಲ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 1980ರಿಂದ ನಡೆಸಿಕೊಂಡು ಬಂದಿರುವ ಸ್ಪರ್ಧೆಯಲ್ಲಿ 2017ರ ಮೊದಲ ಬಹುಮಾನ ಪಡೆದ ಬೆಂಜಮಿನ್ ಸುಲಿವನ್ ಬರೆದದ್ದು ಮಗುವಿಗೆ ಹಾಲೂಡಿಸುತ್ತಿದ್ದ ತನ್ನ ಹೆಂಡತಿಯನ್ನು. 2018ರಲ್ಲಿ ಗೆದ್ದ ಮಿರಿಯಮ್ ಎಸ್ಕೊಫೆ ಬರೆದದ್ದು ತನ್ನ ತಾಯಿಯನ್ನು. ಎರಡು ವರ್ಷಗಳ ನಂತರ, 2020ರಲ್ಲಿ, ಅದೇ ಎಸ್ಕೊಫೆ ಬ್ರಿಟನ್ನಿನ ವಿದೇಶಾಂಗ ಇಲಾಖೆಗಾಗಿ ರಾಣಿ ಎರಡನೆಯ ಎಲಿಜಬೆತ್ ಅವರ ಭಾವಚಿತ್ರ ಬರೆದರು. ತಾಯಿಯ ಚಿತ್ರ ಮೊದಲು, ರಾಣಿಯ ಚಿತ್ರ ಆಮೇಲೆ ಎಂಬ ಈ ಕ್ರಮ ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ. ದಿನಾ ಕಣ್ಣಿಗೆ ಬೀಳುವ ಮುಖ ದಣಿದಾಗ ಹೇಗಿರುತ್ತದೆ, ಸಿಟ್ಟು ನುಂಗಿಕೊಂಡಾಗ ತುಟಿಯ ಯಾವ ತುದಿ ಬಿಗಿಯುತ್ತದೆ, ಒಬ್ಬರೇ ಕೂತಾಗ ದೃಷ್ಟಿ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಕುಂಚಕ್ಕೆ ಇಳಿದಾಗ ತೀರ್ಪುಗಾರರು ಅದನ್ನು ಗುರುತಿಸುತ್ತಾರೆ. ನಿಮ್ಮ ಮಗಳಿಗೆ ಬೇಕಾದ ಮೊದಲ ಮಾಡೆಲ್ ಕಾರಟಗಿಯ ನಿಮ್ಮ ಮನೆಯಲ್ಲೇ ಇದ್ದಾರೆ.

ಇಲ್ಲಿಂದ ಫೋಟೊದ ವಿಚಾರಕ್ಕೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ‘ಮೊಬೈಲಿನ ಫೋಟೊ ನೋಡಿ’ ಎಂಬ ಮಾತು. ಫೋಟೊ ನೋಡಿ ಬರೆಯುವುದು ಪಾಪವಲ್ಲ. ಅಳತೆ ತಪ್ಪದಿರಲೆಂದು ಫೋಟೊ ಮೇಲೂ ಹಾಳೆಯ ಮೇಲೂ ಚೌಕ ಹಾಕಿಕೊಂಡು ಬರೆಯುವುದು ಮೋಸ ಎನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಯುರೋಪಿನ ದೊಡ್ಡ ಕಲಾವಿದರು 16ನೆಯ ಶತಮಾನದಲ್ಲೇ ಚೌಕದ ಪರದೆ ಬಳಸುತ್ತಿದ್ದರು. ತೀರಿಹೋದ ಹಿರಿಯರ ಚಿತ್ರವನ್ನು ಫೋಟೊ ಇಲ್ಲದೆ ಬರೆಯುವುದಾದರೂ ಹೇಗೆ? ತೊಂದರೆ ಇರುವುದು ಫೋಟೊದಿಂದ ಮಾತ್ರ ಕಲಿಯುವುದರಲ್ಲಿ. ತೋಳಿನಷ್ಟು ದೂರದಿಂದ ತೆಗೆದ ಮೊಬೈಲ್ ಚಿತ್ರದಲ್ಲಿ ಮೂಗು ಇದ್ದುದಕ್ಕಿಂತ ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಚಿಕ್ಕದಾಗಿ ಬರುತ್ತವೆ. ನೆರಳಿನೊಳಗಿನ ಬಣ್ಣಗಳೆಲ್ಲ ಒಂದೇ ಕಪ್ಪಾಗಿ ಮುಚ್ಚಿಕೊಳ್ಳುತ್ತವೆ. ಇದನ್ನೇ ವರ್ಷಗಟ್ಟಲೆ ನಕಲು ಮಾಡಿದ ಕೈಗೆ ಹೊರರೇಖೆ ಕರಾರುವಾಕ್ಕಾಗಿ ಬರುತ್ತದೆ, ಆದರೆ ಕೆನ್ನೆಯ ಮೂಳೆ ಎಲ್ಲಿ ತಿರುಗುತ್ತದೆ, ಕಣ್ಣುಗುಡ್ಡೆಯ ಮೇಲೆ ರೆಪ್ಪೆ ಹೇಗೆ ಸುತ್ತಿಕೊಂಡಿದೆ ಎಂಬುದು ತಿಳಿಯದೆ ಉಳಿಯುತ್ತದೆ. ಗುರುತು ಸಿಗುತ್ತದೆ, ಜೀವ ಬರುವುದಿಲ್ಲ.

ದೊಡ್ಡ ಸ್ಪರ್ಧೆಗಳು ಈ ವ್ಯತ್ಯಾಸವನ್ನು ಎಷ್ಟು ಗಂಭೀರವಾಗಿ ಪರಿಗಣಿಸುತ್ತವೆ ಎಂಬುದಕ್ಕೆ ಆಸ್ಟ್ರೇಲಿಯಾದ ಆರ್ಚಿಬಾಲ್ಡ್ ಪ್ರಶಸ್ತಿಯೇ ಸಾಕ್ಷಿ. 1921ರಿಂದ ನಡೆಯುತ್ತಿರುವ ಆ ಸ್ಪರ್ಧೆಗೆ ಬರುವ ಚಿತ್ರ, ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದಾಗಿರಬೇಕು. 1975ರಲ್ಲಿ ಜಾನ್ ಬ್ಲೂಮ್‌ಫೀಲ್ಡ್ ಎಂಬ ಕಲಾವಿದರಿಗೆ ಘೋಷಣೆಯಾದ ಬಹುಮಾನವನ್ನು, ಚಿತ್ರ ಫೋಟೊದಿಂದ ಬರೆದದ್ದೆಂದು ತಿಳಿದ ಮೇಲೆ ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡಲಾಯಿತು.

ಆದ್ದರಿಂದ ಮಗಳು ಅಜ್ಜಿಯನ್ನೋ ಅವ್ವನನ್ನೋ ಪಡಸಾಲೆಯಲ್ಲಿ, ಒಂದೇ ಬಾಗಿಲಿನ ಬೆಳಕು ಬೀಳುವ ಕಡೆ ಕೂರಿಸಿ ಬರೆಯಲಿ. ಬಾಗಿಲು ಉತ್ತರಕ್ಕಿದ್ದರೆ ಒಳ್ಳೆಯದು, ಆ ಬೆಳಕು ಬೇಗ ಬದಲಾಗುವುದಿಲ್ಲ. ಮೊದಲ ಕೆಲವು ಚಿತ್ರಗಳು ಕೆಟ್ಟದಾಗಿ ಬರುತ್ತವೆ. ಫೋಟೊ ಚಿತ್ರಕ್ಕೆ ಹೊಗಳಿದವರೇ ‘ಇದು ಯಾರು?’ ಎನ್ನುತ್ತಾರೆ. ಆಕೆ ಈ ವಿದ್ಯೆಗೆ ತಕ್ಕವಳೋ ಅಲ್ಲವೋ ಎಂಬುದು ಗೊತ್ತಾಗುವುದು ಆಗಲೇ. ಹೊಗಳಿಕೆ ನಿಂತ ಮೇಲೂ ಮರುದಿನ ಅಜ್ಜಿಯನ್ನು ಮತ್ತೆ ಕರೆದು ಕೂರಿಸಿದರೆ ನೀವು ಧೈರ್ಯವಾಗಿ ಕಾಲೇಜಿನ ಅರ್ಜಿ ತರಿಸಬಹುದು.

ಹೀಗೆ ಎದುರಿಗೆ ಕೂರಿಸಿದಾಗ ಮಾತ್ರ ತಿಳಿಯುವ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಭಾಗದವರ ಮೈಬಣ್ಣ ಬಿಸಿಲಲ್ಲಿ ಬೆಂದ ಕಂದು. ಹೊಸಬರು ಇದನ್ನು ಬರೆಯಲು ಕಂದಿಗೆ ಕಪ್ಪು ಬೆರೆಸುತ್ತಾರೆ, ಮುಖ ಮಸಿ ಬಳಿದಂತಾಗುತ್ತದೆ. ಬಾಗಿಲ ಬಳಿ ಕೂತ ಹೆಂಗಸಿನ ಹಣೆಯನ್ನು ಸುಮ್ಮನೆ ನೋಡಿ: ಆಕಾಶದ ಬೆಳಕು ಬೀಳುವ ಉಬ್ಬಿನ ಮೇಲೆ ತಣ್ಣನೆಯ ನೀಲಿ ಹೊಳಪು ಇರುತ್ತದೆ, ಕೆನ್ನೆಯ ಕೆಳಗೆ ನೆಲದ ಗಾರೆಯಿಂದಲೋ ಸೀರೆಯ ಸೆರಗಿನಿಂದಲೋ ಹಿಂತಿರುಗಿದ ಬೆಚ್ಚನೆಯ ಕೆಂಪು ಇರುತ್ತದೆ, ಕಿವಿಯ ಅಂಚು ಉಳಿದೆಲ್ಲದಕ್ಕಿಂತ ಕೆಂಪಗಿರುತ್ತದೆ. ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬಿಳಿ, ಚೂರು ಕೆಂಪು, ಇಷ್ಟರಲ್ಲಿ ಇದೆಲ್ಲ ಸಾಧ್ಯ. ಕಪ್ಪಿನ ಟ್ಯೂಬನ್ನು ತೆರೆಯುವುದೇ ಬೇಡ. ನೆರಳಿಗೆ ಸಿಯೆನ್ನಾ ಮತ್ತು ನೀಲಿಯ ಮಿಶ್ರಣ ಸಾಕು. ನೀಲಿ ಸ್ವಲ್ಪ ಹೆಚ್ಚಾದರೆ ತಣ್ಣಗಾಗುತ್ತದೆ, ಸಿಯೆನ್ನಾ ಹೆಚ್ಚಾದರೆ ಬೆಚ್ಚಗಾಗುತ್ತದೆ, ಎರಡೂ ಕಪ್ಪಿಗಿಂತ ಜೀವಂತವಾಗಿರುತ್ತವೆ. ಗಿರಾಕಿಗಳು ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎಂದು ಕೇಳುವುದು ಈ ವೃತ್ತಿಯ ನಿತ್ಯದ ಕಿರಿಕಿರಿ. ಹಣೆಯ ಆ ತಣ್ಣನೆಯ ಹೊಳಪನ್ನು ಸರಿಯಾಗಿ ಇಟ್ಟರೆ ಬಣ್ಣ ಬದಲಿಸದೆಯೇ ಮುಖ ಬೆಳಗುತ್ತದೆ, ಗಿರಾಕಿ ಮತ್ತೆ ಕೇಳುವುದಿಲ್ಲ.

ಹುಟ್ಟಿನಿಂದ ಬರಬೇಕು ಎಂಬ ಮಾಸ್ತರರ ಮಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಣ್ಣದ ಗೊಂಬೆಗಳಿಗೆ ಹೆಸರಾದ, ನಿಮ್ಮದೇ ಜಿಲ್ಲೆಯ ಕಿನ್ನಾಳಕ್ಕೆ ಒಮ್ಮೆ ಹೋಗಿ ಬನ್ನಿ. ಚಿತ್ರಗಾರರ ಮನೆಗಳಲ್ಲಿ ಮಕ್ಕಳು ಹುಣಸೆ ಬೀಜದ ಅಂಟು ಹಾಕಿ, ಗೊಂಬೆಗೆ ಮೆತ್ತುವ ಕಿಟ್ಟ ಕಲಸುವಂತಹ ಕೆಲಸದಿಂದ ಆರಂಭಿಸಿ, ಹಿರಿಯರ ಪಕ್ಕದಲ್ಲಿ ಕೂತೂ ಕೂತೂ, ಕೊನೆಗೆ ಗೊಂಬೆಯ ಕಣ್ಣು ಬರೆಯುವ ಹಂತಕ್ಕೆ ಬರುತ್ತಾರೆ. ಅಲ್ಲಿ ಯಾರೂ ಹುಟ್ಟು ಪ್ರತಿಭೆಯ ಮಾತೆತ್ತುವುದಿಲ್ಲ. ಆಸಕ್ತಿ ಹುಟ್ಟಿನಿಂದ ಬರಬಹುದು. ಕೈ ಬರುವುದು ರೂಢಿಯಿಂದ, ಮತ್ತು ತಪ್ಪನ್ನು ಬೆರಳಿಟ್ಟು ತೋರಿಸುವ ಒಬ್ಬರಿಂದ.

ಇನ್ನು ನಿಮ್ಮ ಅಣ್ಣನವರ ಆಕ್ಷೇಪ. ಫೋಟೊ ಬಂದು ಭಾವಚಿತ್ರ ಸತ್ತಿತು ಎಂಬುದಕ್ಕೆ ಇತಿಹಾಸದ ಬೆಂಬಲವಿಲ್ಲ. ಭಾರತಕ್ಕೆ ಕ್ಯಾಮೆರಾ ಬಂದ ಮೇಲೆಯೇ ರಾಜಾ ರವಿವರ್ಮ (1848–1906) ಭಾವಚಿತ್ರಗಳಿಂದ ಹೆಸರು ಮಾಡಿದ್ದು, 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಪ್ರಶಸ್ತಿ ಪಡೆದದ್ದು, ಮೈಸೂರು ಅರಮನೆಯ ಕೆಲಸ ಮಾಡಿದ್ದು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಮುಂಬೈಯಲ್ಲಿ ನೆಲೆ ನಿಂತರು. ನಮ್ಮ ಭಾಗದಲ್ಲಿ ಕಲಾವಿದರ ಅನ್ನಕ್ಕೆ ಕಲ್ಲು ಹಾಕಿದ್ದು ಕ್ಯಾಮೆರಾ ಅಲ್ಲ, ಫ್ಲೆಕ್ಸ್. ಬೋರ್ಡು ಬರೆದು, ಮೆರವಣಿಗೆಗೆ ನಾಯಕರ ಮುಖ ಬರೆದು ಸಂಸಾರ ನಡೆಸುತ್ತಿದ್ದ ಪೇಂಟರುಗಳು ಬಳ್ಳಾರಿ, ರಾಯಚೂರು, ಸಿಂಧನೂರುಗಳಲ್ಲಿ ಓಣಿಗೊಬ್ಬರಂತೆ ಇದ್ದರು. ಈಗ ಅವರಲ್ಲಿ ಹೆಚ್ಚಿನವರು ಮನೆಗಳಿಗೆ ಸುಣ್ಣ ಬಣ್ಣ ಹಚ್ಚುತ್ತಿದ್ದಾರೆ. ಈಗ ಮೊಬೈಲಿನ ಆ್ಯಪ್‌ಗಳೂ ಸೇರಿಕೊಂಡಿವೆ. ಫೋಟೊವನ್ನು ತೈಲಚಿತ್ರದಂತೆ ಮಾಡಿ, ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆದು, ಮೇಲೆ ನಾಲ್ಕು ಕುಂಚದ ಗೆರೆ ಎಳೆದು ‘ಕೈಯಿಂದ ಬರೆದದ್ದು’ ಎಂದು ಮಾರುವವರಿದ್ದಾರೆ. ಹಾಗಾಗಿ ನಿಮ್ಮ ಅಣ್ಣನವರು ಅರ್ಧ ಸರಿ: ಫೋಟೊವನ್ನು ಹಾಗೆಯೇ ಇಳಿಸಿಕೊಡುವ ಕೆಲಸಕ್ಕೆ ಭವಿಷ್ಯವಿಲ್ಲ. ಮಗಳು ಸದ್ಯ ಕಲಿತಿರುವುದು ಆ ಕೆಲಸವನ್ನೇ ಎಂಬುದು ನನ್ನ ಚಿಂತೆ.

ಉಳಿದಿರುವ ಬೇಡಿಕೆ ಸಣ್ಣದು, ಆದರೆ ಗಟ್ಟಿಯಾದದ್ದು. ಮಠಗಳು ಹಿಂದಿನ ಸ್ವಾಮಿಗಳ ತೈಲಚಿತ್ರ ಬರೆಸುತ್ತವೆ. ಶಿಕ್ಷಣ ಸಂಸ್ಥೆಗಳು, ಸಹಕಾರ ಸಂಘಗಳು ಸ್ಥಾಪಕರ ಚಿತ್ರ ಬರೆಸುತ್ತವೆ. ಅನುಕೂಲವಿರುವ ಮನೆಯವರು ತೀರಿಹೋದ ತಂದೆತಾಯಿಯರ ಚಿತ್ರ ಬರೆಸುತ್ತಾರೆ. ಈ ಆರ್ಡರುಗಳು ಪ್ರಶಸ್ತಿ ನೋಡಿ ಬರುವುದಿಲ್ಲ, ಒಂದು ಮಠದಲ್ಲಿ ತೂಗುಹಾಕಿದ ಚಿತ್ರ ನೋಡಿ ಮತ್ತೊಂದು ಮಠದವರು ಕರೆಯುವುದರಿಂದ ಬರುತ್ತವೆ, ಮತ್ತು ತಿಂಗಳಿಗೊಂದರಂತೆ ಲೆಕ್ಕವಿಟ್ಟು ಬರುವುದೂ ಇಲ್ಲ. ಆದ್ದರಿಂದಲೇ ನನಗೆ ತಿಳಿದ ಭಾವಚಿತ್ರ ಕಲಾವಿದರಲ್ಲಿ ಬಹುತೇಕರಿಗೆ ಪಾಠ ಹೇಳುವುದು, ಪುಸ್ತಕಕ್ಕೆ ಚಿತ್ರ ಬರೆಯುವುದು ಇಂತಹ ಇನ್ನೊಂದು ಆದಾಯ ಇದ್ದೇ ಇದೆ.

ಪ್ರಶಸ್ತಿಯ ಪ್ರಶ್ನೆಗೆ ಬರುತ್ತೇನೆ. ಫೈಲಿನಲ್ಲಿರುವ ಪ್ರಮಾಣಪತ್ರಗಳಿಂದ ಹಾನಿಯಿಲ್ಲ, ಆದರೆ ಯಾವ ಕಾಲೇಜಾಗಲಿ ಗ್ಯಾಲರಿಯಾಗಲಿ ಅವನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ; ಇನ್ನು ಮುಂದೆ ಆ ಹಣವನ್ನು ಬಣ್ಣಕ್ಕೆ ಹಾಕಿ. ಶುಲ್ಕ ಕೇಳುವ ಸ್ಪರ್ಧೆಗಳೆಲ್ಲ ಮೋಸ ಎಂದು ತಿಳಿಯಬೇಡಿ. ಲಂಡನ್ನಿನ ಸ್ಪರ್ಧೆಗೂ ಪ್ರವೇಶ ಶುಲ್ಕವಿದೆ. 18 ತುಂಬಿದ ಯಾವ ದೇಶದವರಾದರೂ ಅದಕ್ಕೆ ಚಿತ್ರ ಕಳಿಸಬಹುದು, 2024ರಲ್ಲಿ ಅದರ ಮೊದಲ ಬಹುಮಾನ 35,000 ಪೌಂಡ್ ಇತ್ತು. ನೋಡಬೇಕಾದದ್ದು ಬೇರೆ: ತೀರ್ಪುಗಾರರ ಹೆಸರನ್ನು ಮೊದಲೇ ಪ್ರಕಟಿಸುತ್ತಾರೆಯೇ, ಆಯ್ಕೆಯಾದ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡುತ್ತಾರೆಯೇ, ಕಳಿಸಿದವರಲ್ಲಿ ಹೆಚ್ಚಿನವರು ತಿರಸ್ಕೃತರಾಗುತ್ತಾರೆಯೇ? ಎಲ್ಲರಿಗೂ ಏನಾದರೊಂದು ‘ರತ್ನ’, ‘ಭೂಷಣ’ ಸಿಗುವ ಸ್ಪರ್ಧೆ ಸ್ಪರ್ಧೆಯೇ ಅಲ್ಲ. ಕರ್ನಾಟಕ ಲಲಿತಕಲಾ ಅಕಾಡೆಮಿ, 1954ರಲ್ಲಿ ಆರಂಭವಾದ ದೆಹಲಿಯ ಲಲಿತ ಕಲಾ ಅಕಾಡೆಮಿ, 1888ರಿಂದ ಇರುವ ಬಾಂಬೆ ಆರ್ಟ್ ಸೊಸೈಟಿ, ಇವುಗಳ ಪ್ರದರ್ಶನಕ್ಕೆ ಚಿತ್ರ ಆಯ್ಕೆಯಾದರೆ ಬಹುಮಾನ ಬರದಿದ್ದರೂ ಅದಕ್ಕೊಂದು ತೂಕವಿದೆ. ಒಂದು ದೊಡ್ಡ ಪ್ರಶಸ್ತಿ ದಾರಿ ತೆರೆಯುತ್ತದೆಯೇ ಎಂದು ಕೇಳಿದ್ದೀರಿ. ತೆರೆಯುತ್ತದೆ, ಆ ಬಾಗಿಲಿನ ತನಕ ಈಗಾಗಲೇ ನಡೆದು ಬಂದವರಿಗೆ. ಎಸ್ಕೊಫೆಗೆ ರಾಣಿಯ ಕೆಲಸ ದಕ್ಕಿದಾಗ ಅದನ್ನು ನಿಭಾಯಿಸುವ ಕೈ ಅವರಲ್ಲಿ ಸಿದ್ಧವಿತ್ತು.

ಹಾಗಾದರೆ ಈಗ ಮಾಡಬೇಕಾದದ್ದೇನು? ಪಿಯುಸಿ ನಂತರ ನಾಲ್ಕು ವರ್ಷದ ಬಿ.ವಿ.ಎ. (ದೃಶ್ಯಕಲೆಯ) ಪದವಿಗೆ ಕಳಿಸುವುದು ಒಂದು ದಾರಿ. ಪಿಯುಸಿಯಲ್ಲಿ ವಾಣಿಜ್ಯ ಓದಿದ್ದು ಅದಕ್ಕೆ ಅಡ್ಡಿಯಾಗುವುದಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ), ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಕಲಾವಿದ ಆರ್.ಎಂ. ಹಡಪದ ಮಾಸ್ತರರು ಅಲ್ಲೇ ಕಟ್ಟಿದ ಕೆನ್ ಕಲಾಶಾಲೆ, ನಮಗೆ ಹತ್ತಿರದ ಕಲಬುರಗಿಯ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯ, ಇವೆಲ್ಲ ಹೆಸರಿರುವ ಸಂಸ್ಥೆಗಳು. ಇಲ್ಲಿರುವ ಅಪಾಯವನ್ನು ಕಾಲೇಜಿನವರು ಹೇಳುವುದಿಲ್ಲ, ನಾನು ಹೇಳುತ್ತೇನೆ: ಇಂದಿನ ಕಲಾಶಿಕ್ಷಣದ ಒಲವು ಆಧುನಿಕ ಅಭಿವ್ಯಕ್ತಿಯ ಕಡೆಗಿದೆ. ಇದ್ದದ್ದನ್ನು ಇದ್ದಂತೆ ಬರೆಯುವ ಭಾವಚಿತ್ರವನ್ನು ‘ಹಳೆಯ ಕಾಲದ್ದು’ ಎಂದು ಮೂಗು ಮುರಿಯುವ ಮೇಷ್ಟ್ರುಗಳೂ ಇದ್ದಾರೆ. ಇದರಿಂದ ಕೆಲವು ಮಕ್ಕಳು ದಾರಿ ತಪ್ಪಿದಂತಾಗಿ ಒದ್ದಾಡುತ್ತಾರೆ. ಇನ್ನು ಕೆಲವರು ಹೊಸದೊಂದನ್ನು ಕಂಡುಕೊಂಡು ಮೊದಲಿಗಿಂತ ಒಳ್ಳೆಯ ಭಾವಚಿತ್ರ ಬರೆಯುತ್ತಾರೆ. ಆದರೆ ಸಂಬಳ ಪಡೆದ ಮಾಡೆಲ್ ಎದುರಿಗೆ ಕೂರುವುದು, ಸುತ್ತ ಹತ್ತು ಜನ ಅದೇ ಮುಖವನ್ನು ಹತ್ತು ರೀತಿ ಬರೆಯುವುದು, ಇದು ಮನೆಯಲ್ಲಿ ಸಿಗುವುದಿಲ್ಲ.

ಊರಲ್ಲೇ ಬಿ.ಕಾಂ. ಓದುತ್ತ, ಒಬ್ಬ ಒಳ್ಳೆಯ ಕಲಾವಿದರ ಬಳಿ ವಾರಕ್ಕೆರಡು ದಿನ ಕಲಿಯುವುದು ಎರಡನೆಯ ದಾರಿ. ಖರ್ಚು ಕಡಿಮೆ, ಕೈಯಲ್ಲೊಂದು ಪದವಿ ಇರುತ್ತದೆ. ಆದರೆ ಹೀಗೆ ಹೊರಟವರಲ್ಲಿ ಮೂರನೆಯ ವರ್ಷದ ಹೊತ್ತಿಗೆ ಚಿತ್ರ ಬಿಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ, ಹುಡುಗಿಯರಲ್ಲಂತೂ ಮದುವೆಯ ಮಾತು ಬಂದ ಕೂಡಲೇ ಮೊದಲು ಮೂಲೆ ಸೇರುವುದು ಚಿತ್ರದ ಹಲಗೆಯೇ. ಹಾಗಾಗಿ ಹಣದ ಅಡಚಣೆ ತೀರಾ ಕಟ್ಟಿಹಾಕದಿದ್ದರೆ ನನ್ನ ಮತ ಬಿ.ವಿ.ಎ. ಪರವಾಗಿದೆ, ಅದರಲ್ಲೂ ಕಲಬುರಗಿಯನ್ನು ಮೊದಲು ನೋಡಿ ಎನ್ನುತ್ತೇನೆ. ಎಸ್.ಎಂ. ಪಂಡಿತರ ಊರಿನಲ್ಲಿ ಮುಖ ಬರೆಯುವ ವಿದ್ಯೆಗೆ ಇನ್ನೂ ಮರ್ಯಾದೆ ಇದೆ. ಸರ್ಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಯೊಂದನ್ನೇ ನಂಬಿಕೊಂಡು ಮಾತ್ರ ಕಳಿಸಬೇಡಿ. ನೇಮಕಾತಿ ಅಪರೂಪಕ್ಕೆ ನಡೆಯುತ್ತದೆ, ಅರ್ಜಿ ಹಾಕುವವರು ವಿಪರೀತ.

ಈಗಿನಿಂದಲೇ ಆರ್ಡರ್ ಹಿಡಿಯುವುದರ ಬಗ್ಗೆ ನನಗೆ ಅಂಜಿಕೆಯಿದೆ. ಕಲಿಯುವ ವಯಸ್ಸಿನಲ್ಲಿ ದುಡ್ಡು ಬರತೊಡಗಿದರೆ ಕೈ ಗಿರಾಕಿ ಮೆಚ್ಚುವ ನುಣುಪಿಗೆ ಒಗ್ಗಿಬಿಡುತ್ತದೆ, ಆಮೇಲೆ ಬಿಡಿಸುವುದು ಬಲು ಕಷ್ಟ. ರಜೆಯಲ್ಲಿ ಒಂದೆರಡು ಮಾಡಲಿ, ಅಡ್ಡಿಯಿಲ್ಲ. ಮಾಡುವುದಾದರೆ ಚಿತ್ರದ ಅಳತೆ, ಮಾಧ್ಯಮ, ಎಷ್ಟು ಸಲ ತಿದ್ದಿಕೊಡಬೇಕು, ಯಾವಾಗ ಕೊಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಮಗಳಿಗೆ 18 ತುಂಬಿರದಿದ್ದರೆ ಆ ಕರಾರಿಗೆ ನೀವೇ ಸಹಿ ಹಾಕಬೇಕಾಗುತ್ತದೆ. ತೈಲವರ್ಣದ ಚಿತ್ರಕ್ಕೆ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕೆಂಬುದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಹೊಳಪಿಲ್ಲ ಎಂದು ತಗಾದೆ ತೆಗೆಯುತ್ತಾರೆ. ನಮ್ಮ ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗಿ ಹೋಗುತ್ತದೆ, ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಬಣ್ಣ ಹಾಕಿಕೊಳ್ಳಲಿ. ಟರ್ಪೆಂಟೈನ್ ಬಳಸುವ ಕೋಣೆಯ ಕಿಟಕಿ ತೆರೆದಿರಲಿ.

ಕಾನೂನಿನ ಒಂದು ಅಂಶ ಕಲಾವಿದರಲ್ಲೇ ಅನೇಕರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿಕೊಂಡ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿಕೊಂಡವರಿಗೆ ಸೇರುತ್ತದೆ. ಮಠದವರು ಆ ಚಿತ್ರವನ್ನು ಕ್ಯಾಲೆಂಡರಿಗೆ ಹಾಕಿ ಸಾವಿರಾರು ಪ್ರತಿ ಅಚ್ಚು ಮಾಡಿಸಿದರೆ ಕಲಾವಿದೆ ಹಣ ಕೇಳುವಂತಿಲ್ಲ. ಮುಂದೆಂದೋ ಆ ಮೂಲಚಿತ್ರ ದೊಡ್ಡ ಬೆಲೆಗೆ ಮರುಮಾರಾಟವಾದರೂ ಅದರಲ್ಲಿ ಪಾಲು ಕೇಳುವ 53ಎ ಕಲಮಿನ ಹಕ್ಕು ಅವಳಿಗಿರುವುದಿಲ್ಲ. ಚಿತ್ರ ತನ್ನದೆಂದು ಹೆಸರು ಹೇಳಿಕೊಳ್ಳುವ 57ನೆಯ ಕಲಮಿನ ಹಕ್ಕು ಮಾತ್ರ ಉಳಿದೇ ಇರುತ್ತದೆ. ಸ್ವಾಮ್ಯ ತನ್ನಲ್ಲೇ ಇರಬೇಕೆಂದರೆ ಮೊದಲಿನ ಆ ಹಾಳೆಯಲ್ಲೇ ಬರೆಸಿಕೊಳ್ಳಬೇಕು. ಅಜ್ಜಿಯನ್ನು ಕೂರಿಸಿ ತನ್ನ ಸಂತೋಷಕ್ಕೆ ಬರೆದ ಚಿತ್ರದ ಹಕ್ಕೆಲ್ಲ ಅವಳದೇ. ಇನ್ನೊಬ್ಬ ಛಾಯಾಗ್ರಾಹಕರ ಫೋಟೊವನ್ನು ಅನುಮತಿಯಿಲ್ಲದೆ ಇಳಿಸಿ ಮಾರಿದರೆ ತಕರಾರು ಬರಬಹುದು, ಇಂಟರ್ನೆಟ್ಟಿನಲ್ಲಿ ಸಿಕ್ಕ ನಟನಟಿಯರ ಫೋಟೊಗಳಿಗೂ ಇದೇ ಅನ್ವಯಿಸುತ್ತದೆ.

ಕಾಲೇಜು ನೋಡಲು ಹೋಗುವಾಗ ಪ್ರಮಾಣಪತ್ರಗಳ ಫೈಲನ್ನು ಮನೆಯಲ್ಲಿಟ್ಟು, ಎದುರಿಗೆ ಕೂರಿಸಿ ಬರೆದ ಮುಖಗಳು, ಕೈಗಳ ಅಭ್ಯಾಸ, ಸಂತೆಯಲ್ಲಿ ಗೀಚಿದ ಸ್ಕೆಚ್ ಪುಸ್ತಕ ಇವನ್ನು ತೆಗೆದುಕೊಂಡು ಹೋಗಲಿ, ಕೆಟ್ಟದಾಗಿ ಬಂದವೂ ಅದರಲ್ಲಿರಲಿ. ಕಟ್ಟಡ ನೋಡಿ ಮರುಳಾಗದೆ, ಅಂತಿಮ ವರ್ಷದ ಮಕ್ಕಳ ಕೆಲಸ ತೋರಿಸಿ ಎಂದು ಕೇಳಿ. ವಾರದಲ್ಲಿ ಎಷ್ಟು ಗಂಟೆ ಮಾಡೆಲ್ ಕೂರಿಸಿ ಬರೆಸುತ್ತೀರಿ ಎಂಬ ಪ್ರಶ್ನೆಯನ್ನು ಮಗಳೇ ಕೇಳಲಿ, ಉತ್ತರವನ್ನು ನೀವು ಬರೆದುಕೊಳ್ಳಿ.